ಅತ್ತೆಯ ಫೋನಿನ ಅಪ್‌ಡೇಟು

ಆ ಶನಿವಾರ ಬೆಳಿಗ್ಗೆಯೂ ಅತ್ತೆಯವರ ಫೋನು ಎಂದಿನ ಪ್ರಶ್ನೆಯನ್ನೇ ಕೇಳಿತು. ‘ಹೊಸ ಅಪ್‌ಡೇಟ್ ಲಭ್ಯವಿದೆ. ಅಳವಡಿಸಬೇಕೆ?’ ಕೆಳಗೆ ಎರಡು ಬಟನ್: ‘ಈಗಲೇ’, ‘ನಂತರ’. ಅತ್ತೆಯವರೂ ಎಂದಿನಂತೆ ‘ನಂತರ’ ಒತ್ತಿ, ಫೋನನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದರು. ಯಾರೇ ಏನೇ ಕೇಳಿದರೂ ಕೇಳಿದ ತಕ್ಷಣ ಹೂಂ ಅನ್ನಬಾರದು ಎಂಬ ಸೂತ್ರದ ಮೇಲೆಯೇ ಅವರು ಒಬ್ಬ ಗಂಡನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ನಿಭಾಯಿಸಿದ್ದರು. ಫೋನಿಗೆ ಬೇರೆ ಸೂತ್ರ ಹುಡುಕುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ವಿಷಯ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಎದುರಿಗೆ ಅಳಿಯ ಕೂತಿದ್ದರು.

“ಅತ್ತೆ, ಹಾಗೆಲ್ಲ ನಂತರ ನಂತರ ಅಂತ ತಳ್ಳಬಾರ್ದು,” ಅಂದರು ಅಳಿಯ. “ಅದು ಕೇಳಿದ ತಕ್ಷಣ ‘ಈಗಲೇ’ ಅಂತ ಒತ್ಬೇಕು. ಇಲ್ದಿದ್ರೆ ಫೋನ್ ಒಳಗೊಳಗೇ ಹಳಸತ್ತೆ.”

“ಹೌದಾ ಅಳಿಯಂದ್ರೆ? ನಂಗೆ ಅದೆಲ್ಲ ತಿಳಿಯಲ್ಲಪ್ಪ,” ಎಂದು ಅತ್ತೆ ಸ್ನಾನಕ್ಕೆ ಎದ್ದರು.

ಈ ಅಳಿಯನಿಗೆ ಆ ಕಟ್ಟಡದಲ್ಲಿ ಆಫಾನ್ ಮಾಮ ಎಂದು ಹೆಸರು. ಬಟ್ಟೆ ಒಗೆಯುವ ಮೆಷಿನ್ನಿನ ಕಂಪನಿಯೊಂದರ ದೂರು ವಿಭಾಗದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ದಿನವಿಡೀ ಮಾತಾಡುವ ಕೆಲಸ ಅವರದು. ಮೆಷಿನ್ ತಿರುಗುತ್ತಿಲ್ಲ ಅಂದರೂ, ತಿರುಗುವುದು ನಿಲ್ಲಿಸುತ್ತಿಲ್ಲ ಅಂದರೂ, ಮನೆತುಂಬ ನೊರೆಯಾಗಿದೆ ಅಂದರೂ ಅವರು ಮೊದಲು ಹೇಳುವುದು ಒಂದೇ ಮಾತು: “ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಎಷ್ಟೋ ಮೆಷಿನ್ನುಗಳು ಅಷ್ಟಕ್ಕೇ ಸರಿಹೋಗುತ್ತಿದ್ದವು. ಮನುಷ್ಯನಿಗೆ ಆತ್ಮವಿಶ್ವಾಸ ಹುಟ್ಟಲು ಅದಕ್ಕಿಂತ ಹೆಚ್ಚೇನೂ ಬೇಡ. ಒಮ್ಮೆ ಕೆಳಗಿನ ಮನೆಯ ನಿವೃತ್ತ ಹೆಡ್‌ಮೇಷ್ಟ್ರ ಫೋನು ಕಲ್ಲಾಗಿ ಕೂತಾಗ ಮಾಮ ಅದಕ್ಕೂ ಇದೇ ಮದ್ದು ಹಾಕಿದರು. ಅದು ಎದ್ದು ಮಾತಾಡಿತು. ಅಂದಿನಿಂದ ಕಟ್ಟಡದ ಫೋನುಗಳಿಗೆಲ್ಲ ಅವರೇ ಡಾಕ್ಟರು, ಆಫ್ ಮತ್ತು ಆನ್ ಸೇರಿ ಅವರ ಹೆಸರು ಆಫಾನ್.

ಆ ದಿನ ಮಾಮ ಬಹಳ ಖುಷಿಯಲ್ಲಿದ್ದರು. ಕಾರಣ ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ, ಆದರೂ ಹೇಳಲೇಬೇಕು. ಬೇಸಿಗೆಯಲ್ಲಿ ಒಂದು ವಾರಕ್ಕೆಂದು ಬಂದಿದ್ದ ಅತ್ತೆಯವರು ಚಳಿ ಶುರುವಾದ ಮೇಲೆ, ಅಂತೂ ಆ ದಿನ ಸಂಜೆಯ ಬಸ್ಸಿಗೆ ಚಿಕ್ಕ ಮಗಳ ಊರಿಗೆ ಹೊರಟಿದ್ದರು. ಮನೆಯಲ್ಲಿದ್ದದ್ದು ಒಂದೇ ಮಲಗುವ ಕೋಣೆ. ಅದರಲ್ಲಿ ತಾಯಿ ಮಗಳು ಮಲಗುತ್ತಿದ್ದರು. ಮಾಮನಿಗೆ ಹಾಲಿನ ಸೋಫಾ. ಸೋಫಾ ಮೂರು ಸೀಟಿನದು, ಮಾಮ ಮೂರೂವರೆ ಸೀಟಿನ ಮನುಷ್ಯ. ಉಳಿದ ಅರ್ಧ ಸೀಟು ಮೊಣಕಾಲಿನಿಂದ ಕೆಳಗೆ ಗಾಳಿಯಲ್ಲಿ ನೇತಾಡುತ್ತಿತ್ತು. ಆ ದಿನ ಬೆಳಿಗ್ಗೆ ಎದ್ದವರೇ ಅವರು ಮಾಡಿದ ಮೊದಲ ಕೆಲಸ, ಯಾರೂ ನೋಡದಂತೆ ತಮ್ಮ ದಿಂಬನ್ನು ಸೋಫಾದಿಂದ ಎತ್ತಿಕೊಂಡು ಹೋಗಿ ಒಳಗಿನ ಮಂಚದ ಮೇಲೆ ಇಟ್ಟು ಬಂದದ್ದು. ಇಟ್ಟು ಬಂದು, ಮತ್ತೊಮ್ಮೆ ಹೋಗಿ ನೋಡಿಯೂ ಬಂದಿದ್ದರು.

ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಹೋಗುವವಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತಲೇ ಹೇಳಿದ್ದಳು.

“ರೀ, ಅಮ್ಮನ ಬಸ್ ಟಿಕೆಟ್ಟು ಅಮ್ಮನ ಫೋನಲ್ಲೇ ಇದೆ. ಅದರ ಮೇಲಿರೋ ಚೌಕಾನ ಸ್ಕ್ಯಾನ್ ಮಾಡಿದ್ರೇನೇ ಬಸ್ಸಿನವರು ಹತ್ತಿಸ್ಕೊಳ್ಳೋದು. ಅದನ್ನ ಮಾತ್ರ ಮುಟ್ಟೋಕೆ ಹೋಗ್ಬೇಡಿ.”

“ನಾನ್ಯಾಕೆ ಮುಟ್ಲಿ?”

“ನಿಮ್ಮನ್ನ ಕಟ್ಕೊಂಡು ಎಷ್ಟು ವರ್ಷ ಆಯ್ತು ಅಂತ ನಂಗೂ ಲೆಕ್ಕ ಇದೆ,” ಎಂದು ಅವಳು ಮೆಟ್ಟಿಲಿಳಿದಿದ್ದಳು.

ಈಗ ಬಚ್ಚಲಮನೆಯಲ್ಲಿ ನೀರು ಸುರಿಯುವ ಶಬ್ದ ಶುರುವಾಯಿತು. ಮೇಜಿನ ಮೇಲೆ ಫೋನು. ಮಾಮನ ಕೈ ತುರಿಸತೊಡಗಿತು. ಹಳೆಯ ಸಾಫ್ಟ್‌ವೇರಿನಲ್ಲಿ ಟಿಕೆಟ್ಟು ತೆರೆಯದೇ ಹೋದರೆ? ಬಸ್ಸಿನ ಬಾಗಿಲಲ್ಲಿ ಫೋನು ಕೈಕೊಟ್ಟು ಅತ್ತೆ ವಾಪಸು ಬಂದರೆ? ಆ ದಿಂಬಿನ ಗತಿಯೇನು? ಅಪ್‌ಡೇಟ್ ಮಾಡುವುದು ಆಸೆಯಲ್ಲ, ಕರ್ತವ್ಯ ಎಂದು ಅವರಿಗೆ ಮನದಟ್ಟಾಯಿತು. ‘ಈಗಲೇ’ ಒತ್ತಿದರು.

ಒಂದು ಗೆರೆ ಎಡದಿಂದ ಬಲಕ್ಕೆ ಮೆಲ್ಲಗೆ ತೆವಳಿತು. ಪರದೆ ಕಪ್ಪಾಯಿತು. ಕಂಪನಿಯ ಗುರುತು ಮೂಡಿತು. ಮಾಮ ಹೆಮ್ಮೆಯಿಂದ ಕಾಲ ಮೇಲೆ ಕಾಲು ಹಾಕಿದರು. ಗುರುತು ಮಾಯವಾಗಿ ಪರದೆ ಮತ್ತೆ ಕಪ್ಪಾಯಿತು. ಮತ್ತೆ ಗುರುತು. ಮತ್ತೆ ಕಪ್ಪು. ಮಾಮ ಕಾಲು ಕೆಳಗಿಳಿಸಿದರು.

ಅವರಿಗೆ ಗೊತ್ತಿದ್ದದ್ದು ಒಂದೇ ಮದ್ದು, ಆಫ್ ಮಾಡಿ ಆನ್ ಮಾಡುವುದು. ಆದರೆ ಫೋನು ಈಗ ಮಾಡುತ್ತಿದ್ದದ್ದೂ ಅದನ್ನೇ. ಯಾರೂ ಹೇಳದೆ, ಬಿಡುವಿಲ್ಲದೆ, ತನ್ನಷ್ಟಕ್ಕೆ ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಡಾಕ್ಟರು ಬರುವ ಮೊದಲೇ ರೋಗಿ ಬಾಟಲಿ ಕಿತ್ತುಕೊಂಡು ಮದ್ದು ಕುಡಿಯುತ್ತ ಕೂತಿದ್ದರೆ ಡಾಕ್ಟರಿಗೆ ಇನ್ನೇನು ಕೆಲಸ?

ನೀರಿನ ಶಬ್ದ ನಿಂತಿತು. ಮಾಮ ಫೋನನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

“ಅಳಿಯಂದ್ರೆ, ನನ್ನ ಫೋನ್ ಇಲ್ಲೇ ಇತ್ತಲ್ಲ?”

“ಚಾರ್ಜಿಗೆ ಹಾಕಿದ್ದೀನಿ ಅತ್ತೆ. ಪ್ರಯಾಣ ಅಲ್ವಾ, ಚೆನ್ನಾಗಿ ಚಾರ್ಜ್ ಆಗ್ಲಿ. ಮುಟ್ಬೇಡಿ.” ಜೇಬಿನಲ್ಲಿ ಫೋನು ಗುಂಯ್ ಎಂದು ನಡುಗಿ ಆಫ್ ಆಯಿತು. “ನಾನು ಸ್ವಲ್ಪ ಹೊರಗೆ ಹೋಗ್ಬರ್ತೀನಿ.”

“ಎಷ್ಟು ನಿಗಾ ನಿಮಗೆ,” ಅಂದರು ಅತ್ತೆ. “ನಾನೂ ಊಟ ಆದ್ಮೇಲೆ ಆ ಉಣ್ಣೆ ಕೋಟು ತರ್ಬೇಕು. ಕಂಕುಳ ಹತ್ರ ಬಿಗಿ ಅಂತ ಹೊಲಿಗೆ ಬಿಡಿಸೋಕೆ ಕೊಟ್ಟಿದ್ದೆ.”

ಕೋಟಿನ ಕಡೆ ಗಮನ ಕೊಡುವಷ್ಟು ಬಿಡುವು ಮಾಮನಿಗಿರಲಿಲ್ಲ. ಮೆಟ್ಟಿಲಿಳಿಯುತ್ತ ಅವರು ಉಪಾಯ ಹುಡುಕುತ್ತಿದ್ದರು. ಟಿಕೆಟ್ಟು ತೆಗೆದು ಕಳಿಸಿದ್ದ ನಾದಿನಿಗೆ ಫೋನು ಮಾಡಿ ಅದನ್ನು ಇನ್ನೊಮ್ಮೆ ಕಳಿಸು ಎನ್ನಬಹುದಿತ್ತು. ಆದರೆ ಅಕ್ಕತಂಗಿಯರ ನಡುವೆ ಸುದ್ದಿ ಹರಿಯುವ ವೇಗಕ್ಕೆ ಸಾಟಿಯಾದ ನೆಟ್‌ವರ್ಕು ಇನ್ನೂ ಹುಟ್ಟಿಲ್ಲ. ತಂಗಿ ಫೋನಿಡುವುದರೊಳಗೆ ಅಕ್ಕನಿಗೆ ಗೊತ್ತಾಗುತ್ತದೆ. ‘ಮುಟ್ಟಬೇಡಿ ಅಂದಿರಲಿಲ್ವಾ’ ಎಂಬ ಮಾತು ಇನ್ನು ಹತ್ತು ವರ್ಷ ಊಟದ ಜೊತೆ ಬಡಿಸಲ್ಪಡುತ್ತದೆ. ಬೇಡ. ಗಂಡಸು ತಾನು ಕೆಡಿಸಿದ್ದನ್ನು ತಾನೇ ಸರಿಮಾಡಬೇಕು.

ಕೆಳಗಿನ ಮೆಟ್ಟಿಲ ಮೇಲೆ ಹೆಡ್‌ಮೇಷ್ಟ್ರು ಕೂತಿದ್ದರು. ನಿವೃತ್ತಿಯ ನಂತರ ಅವರು ಕೂರುವುದೇ ಅಲ್ಲಿ. ಯಾರೂ ಹಾಜರಿ ಹಾಕದೆ ಹೊರಹೋಗುವಂತಿರಲಿಲ್ಲ.

“ಏನು ಮಾಮ, ಜೇಬು ನಡುಗ್ತಿದೆ?”

ಸುಳ್ಳು ಹೇಳಲು ಮಾಮನಿಗೆ ತಯಾರಿ ಬೇಕಿತ್ತು, ಇರಲಿಲ್ಲ. ಫೋನು ತೆಗೆದು ತೋರಿಸಿದರು. ಹೆಡ್‌ಮೇಷ್ಟ್ರು ಅದನ್ನು ಉತ್ತರಪತ್ರಿಕೆಯಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದಕ್ಕೆ ನೀರು ಹೋಗಿದೆ. ಅಕ್ಕಿ ಡಬ್ಬದಲ್ಲಿ ಹೂತಿಡಬೇಕು.”

“ನೀರೇ ಬಿದ್ದಿಲ್ಲ ಮೇಷ್ಟ್ರೆ.”

“ಬಿದ್ದಿಲ್ಲ ಅಂತ ನಿಮಗೇನು ಗೊತ್ತು? ನೀವು ಇಡೀ ದಿನ ನೋಡ್ತಾ ಇದ್ರಾ?”

ಈ ತರ್ಕಕ್ಕೆ ಮೂವತ್ತು ವರ್ಷದಿಂದ ಯಾವ ವಿದ್ಯಾರ್ಥಿಯೂ ಉತ್ತರ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಕಟ್ಟಡದ ಬೀದಿ ಬದಿಯ ಅಂಗಡಿಯಿಂದ ಟೈಲರಮ್ಮ, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಹೊರಬಂದಳು. ಇಬ್ಬರು ತಲೆ ಬಗ್ಗಿಸಿ ಏನನ್ನಾದರೂ ನೋಡುತ್ತಿದ್ದರೆ ಮೂರನೆಯವಳಾಗಿ ಅವಳು ಇರಲೇಬೇಕು.

“ಸಿಮ್ಮು ಸಡಿಲ ಆಗಿರತ್ತೆ ಮಾಮ. ನಮ್ಮ ತಮ್ಮಂದೂ ಹಿಂಗೇ ಆಗಿತ್ತು. ಬನ್ನಿ, ಸೂಜಿಯಲ್ಲಿ ಚುಚ್ಚಿ ತೆಗಿತೀನಿ.”

“ಬೇಡ, ಅದು ಹಾಗಲ್ಲ...”

ಮಾಮ ‘ಅಲ್ಲ’ ಅನ್ನುವಷ್ಟರಲ್ಲಿ ಫೋನು ಅವಳ ಅಂಗಡಿಯೊಳಗಿತ್ತು, ಸೂಜಿ ಫೋನಿನೊಳಗಿತ್ತು. ಪುಟ್ಟ ತಟ್ಟೆ ಟಪ್ಪನೆ ಹೊರಬಂತು. ಸಿಮ್ಮು ಅದರಿಂದಲೂ ಟಪ್ಪನೆ ಹೊರಹಾರಿ ಹೊಲಿಗೆ ಮೆಷಿನ್ನಿನ ಕೆಳಗಿದ್ದ ಚೂರುಬಟ್ಟೆಯ ಗುಡ್ಡೆಯಲ್ಲಿ ಕಣ್ಮರೆಯಾಯಿತು.

ಮೂವರೂ ನೆಲಕ್ಕೆ ಮಂಡಿಯೂರಿದರು. ಹೆಡ್‌ಮೇಷ್ಟ್ರು ಗುಂಡುಸೂಜಿ ಹೆಕ್ಕುವ ಟೈಲರಮ್ಮನ ಅಯಸ್ಕಾಂತವನ್ನು ಕೈಗೆತ್ತಿಕೊಂಡು ವಿಜ್ಞಾನದ ನೇತೃತ್ವ ವಹಿಸಿದರು. ಬಹಳ ಹೊತ್ತಿನ ಶೋಧನೆಯ ಬಳಿಕ ಅವರಿಗೆ ಎರಡು ಹಿಡಿ ಗುಂಡುಸೂಜಿ, ಒಂದು ಕತ್ತರಿ, ಟೈಲರಮ್ಮ ಕಳೆದ ವರ್ಷ ಕಳೆದುಕೊಂಡಿದ್ದ ಬೀಗದ ಕೈ ಸಿಕ್ಕವು. ಟೈಲರಮ್ಮನಿಗೆ ಹೇಳತೀರದ ಸಂತೋಷ. ಸಿಮ್ಮು ಮಾತ್ರ ಸಿಗಲಿಲ್ಲ. ಕೊನೆಗೆ ಸೋತು ಎಲ್ಲರೂ ಎದ್ದು ನಿಂತಾಗ, ಅದು ಹೆಡ್‌ಮೇಷ್ಟ್ರ ಚಪ್ಪಲಿಯ ಅಡಿಗೆ ಅಂಟಿಕೊಂಡಿದ್ದದ್ದು ಮಾಮನ ಕಣ್ಣಿಗೆ ಬಿತ್ತು. ಅದನ್ನು ಒರೆಸಿ ಹಾಕಿದರೂ ಫೋನು ತನ್ನ ಆಫಾನ್ ವ್ರತ ಬಿಡಲಿಲ್ಲ. ಬದಲಿಗೆ ಬ್ಯಾಟರಿ ಮುಗಿದು, ಆನ್ ಆಗುವುದನ್ನೂ ನಿಲ್ಲಿಸಿ, ತೆಪ್ಪಗೆ ಮಲಗಿತು.

ಮಾಮನಿಗೆ ಕಣ್ಣೆದುರು ಸೋಫಾ ಬಂತು. ಬೀದಿಯ ಕೊನೆಯ ಮೊಬೈಲ್ ರಿಪೇರಿ ಅಂಗಡಿಗೆ ಓಡಿದರು.

ರಿಪೇರಿಯವನು ಅಂಗಡಿಯ ಷಟರನ್ನು ಅರ್ಧ ಇಳಿಸಿ ಊಟಕ್ಕೆ ಹೊರಟಿದ್ದ. ಬಗ್ಗಿ ಒಳಬಂದ ಮಾಮನನ್ನು ಅವನು ಪ್ರೀತಿಯಿಂದೇನೂ ನೋಡಲಿಲ್ಲ. ಫೋನು ಕೈಗೆ ತೆಗೆದುಕೊಂಡು ಕೇಳಿದ: “ಏನ್ ಮಾಡಿದ್ರಿ?”

“ಏನೂ ಮಾಡಿಲ್ಲ. ಅಪ್‌ಡೇಟ್ ಒತ್ತಿದೆ.”

“ಬ್ಯಾಟರಿ ಎಷ್ಟಿತ್ತು?”

ಅದನ್ನು ಮಾಮ ನೋಡಿಯೇ ಇರಲಿಲ್ಲ. ತಾವು ಡಾಕ್ಟರೆಂದು ಹೇಳಿಕೊಳ್ಳುವ ಮನಸ್ಸು ಅವರಿಗೆ ಆ ಗಳಿಗೆಯಲ್ಲಿ ಬರಲಿಲ್ಲ.

“ಆಪರೇಟಿಂಗ್ ಸಿಸ್ಟಮ್ಮೇ ಎದ್ದಿಲ್ಲ ಸಾರ್. ಹೊಸದಾಗಿ ಹಾಕ್ಬೋದು. ಆದ್ರೆ ಒಳಗಿರೋದೆಲ್ಲ ಅಳಿಸಿಹೋಗತ್ತೆ.”

“ಟಿಕೆಟ್ಟು?”

“ಟಿಕೆಟ್ಟು, ಫೋಟೋ, ಎಲ್ಲ.”

“ಬೇರೆ ದಾರಿ ಇಲ್ವಾ?”

ರಿಪೇರಿಯವನು ಗಡಿಯಾರ ನೋಡಿದ. ಅವನ ಹೊಟ್ಟೆ ಕೇಳಿಸುವಂತೆ ಗುರುಗುಟ್ಟಿತು. “ಚಾರ್ಜಿಗೆ ಹಾಕಿ ಸುಮ್ನೆ ಬಿಡಿ. ಒಂದೊಂದ್ಸಲ ತಾನಾಗೇ ಏಳತ್ತೆ. ಮುಟ್ಬೇಡಿ,” ಎಂದವನೇ ಷಟರು ಎಳೆದ.

ಬೆಳಗಿನಿಂದ ಮಾಮನಿಗೆ ಇದು ಎರಡನೆಯ ‘ಮುಟ್ಟಬೇಡಿ’. ಈ ಸಲ ಮಾಮ ಪಾಲಿಸಲು ನಿರ್ಧರಿಸಿದರು. ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಅತ್ತೆಯ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಟೈಲರಮ್ಮನ ಅಂಗಡಿಗೇ ಮರಳಿ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತು ಚಾರ್ಜರು ಸಿಕ್ಕಿಸಿ, ಫೋನನ್ನು ಒಂದು ಸ್ಟೂಲಿನ ಮೇಲಿಟ್ಟು, ಪಕ್ಕದ ಇನ್ನೊಂದರ ಮೇಲೆ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು. ಹೊತ್ತು ಮೂರಾಗಿತ್ತು. ಅತ್ತೆ ಊಟ ಮುಗಿಸಿ ಒಂದು ನಿದ್ದೆ ತೆಗೆಯುತ್ತಿರುತ್ತಾರೆ ಎಂದು ಅವರ ಲೆಕ್ಕ.

ಹೆಡ್‌ಮೇಷ್ಟ್ರು ಮನೆಯಿಂದ ಒಂದು ಕುರ್ಚಿಯನ್ನೇ ಅಂಗಡಿಯೊಳಗೆ ತಂದುಹಾಕಿದ್ದರು. ಬಟ್ಟೆ ಕೊಡಲು ಬಂದ ಇಬ್ಬರು ಹೆಂಗಸರೂ, ಸತ್ತ ಫೋನನ್ನು ಕಂಡು, ಹೋಗುವ ಅವಸರ ಕಳೆದುಕೊಂಡರು. ಅಂಗಡಿಯ ಮೂಲೆಯಲ್ಲಿ ಬಟ್ಟೆ ತೊಟ್ಟು ನೋಡುವ ಪುಟ್ಟ ಜಾಗಕ್ಕೆ ಪರದೆ ಎಳೆದಿತ್ತು.

“ಅಲ್ಲ ಮಾಮ,” ಹೆಡ್‌ಮೇಷ್ಟ್ರು ಶುರುಮಾಡಿದರು, “ಆ ರಿಪೇರಿಯವನು ಆಪರೇಟಿಂಗ್ ಸಿಸ್ಟಮ್ ಎದ್ದಿಲ್ಲ ಅಂದ ಅಂದ್ರಲ್ಲ, ಹಾಗಂದ್ರೇನು? ಫೋನಿಗೂ ಆಪರೇಷನ್ ಮಾಡ್ತಾರಾ?”

ಮಾಮ ಉತ್ತರ ಗೊತ್ತಿಲ್ಲ ಎಂಬ ಮಾತನ್ನು ಯಾವ ದೂರು ಕರೆಗೂ ಹೇಳಿದವರಲ್ಲ. ಸುತ್ತ ನೋಡಿದರು. ನಾಲ್ಕು ಜೊತೆ ಕಣ್ಣು ತಮ್ಮನ್ನೇ ನೋಡುತ್ತಿವೆ. ಬೆಳಗಿನಿಂದ ಸೋರಿಹೋಗಿದ್ದ ಆತ್ಮವಿಶ್ವಾಸ ಫೋನಿಗಿಂತ ಮೊದಲು ಚಾರ್ಜ್ ಆಯಿತು.

“ಸುಲಭ ಮೇಷ್ಟ್ರೆ. ಫೋನ್ ಅಂದ್ರೆ ಒಂದು ಮನೆ ಅಂದ್ಕೊಳ್ಳಿ. ಕ್ಯಾಮೆರಾ, ಸ್ಪೀಕರು, ಬ್ಯಾಟರಿ ಎಲ್ಲ ಮನೇಲಿರೋ ಒಲೆ, ನಲ್ಲಿ, ಮಂಚ ಇದ್ದ ಹಾಗೆ. ತಾವಾಗೇ ಏನೂ ಮಾಡಲ್ಲ. ಆಪ್‌ಗಳು ಮನೇ ಜನ. ಎಲ್ಲರಿಗೂ ಎಲ್ಲ ಬೇಕು, ಒಟ್ಟಿಗೇ ಬೇಕು.”

“ಮತ್ತೆ ಆಪರೇಟಿಂಗ್ ಸಿಸ್ಟಮ್ಮು?”

ಬೇಸಿಗೆಯಿಂದ ಮಾಮನ ಮನಸ್ಸಿನಲ್ಲಿ ತುಂಬಿಕೊಂಡಿದ್ದ ಮಾತು ಬಾಯಿಗೆ ಬಂತು.

“ಅತ್ತೆ.”

ಹೆಂಗಸರಿಬ್ಬರೂ ಹತ್ತಿರಕ್ಕೆ ಸರಿದರು.

“ಹೂಂ ಮತ್ತೆ. ಫೋನ್ ತೆಗೆದ್ರೆ ಆಪ್‌ಗಳು ಕಾಣ್ತವೆ, ಅತ್ತೆ ಕಾಣಲ್ಲ. ಆದ್ರೆ ಅವರ ಕಣ್ಣು ತಪ್ಪಿಸಿ ಒಂದು ಲೋಟ ಅಲ್ಲಾಡಲ್ಲ. ಒಲೆ ಒಂದೇ, ಐದು ಜನಕ್ಕೆ ಬೇಕು. ಅತ್ತೆ ಏನ್ ಮಾಡ್ತಾರೆ? ನೀನು ಒಂದು ಕ್ಷಣ ಇಡು, ಈಗ ಸರಿ, ಈಗ ನೀನು ಇಡು. ಎಷ್ಟು ಬೇಗ ಬೇಗ ಸರದಿ ಬದಲಾಯಿಸ್ತಾರೆ ಅಂದ್ರೆ, ಪ್ರತಿಯೊಬ್ಬರಿಗೂ ಒಲೆ ನಂದೊಬ್ಬಳದೇ ಅನ್ಸತ್ತೆ. ಮನೇಲಿ ಜಾಗ ಇರೋದು ಇಷ್ಟೇ. ಯಾರಿಗೆ ಎಷ್ಟು ಜಾಗ ಅಂತ ಹಂಚೋರೂ ಅವರೇ. ನೀನು ಮಂಚ, ನೀನು ಸೋಫಾ. ಎದುರು ಮಾತಿಲ್ಲ.” ಇಲ್ಲಿ ಮಾಮನ ದನಿ ಸ್ವಲ್ಪ ಒಡೆಯಿತು. “ಯಾರೋ ಹೊಸಬ ಆಪ್ ಬಂದು ಕ್ಯಾಮೆರಾ ಕೊಡಿ ಅಂದ್ರೆ, ಬಾಗಿಲಲ್ಲೇ ನಿಲ್ಸಿ ಕೇಳ್ತಾರೆ. ಯಾಕಪ್ಪ? ಎಷ್ಟು ಹೊತ್ತಿಗೆ? ಇವನ ರೂಮಲ್ಲಿ ಅವನು ಇಣುಕೋ ಹಾಗಿಲ್ಲ. ಟಿವಿ ಹಾಕಿ ಎದ್ದುಹೋದ್ರೆ? ಹಿಂದಿಂದ ಬಂದು ಆಫ್. ಫ್ಯಾನು? ಆಫ್. ಯಾಕೆ? ಬ್ಯಾಟರಿ ಉಳೀಬೇಕು.”

“ನಮ್ಮತ್ತೇನೂ ಹಂಗೇ,” ಅಂದಳು ಒಬ್ಬ ಹೆಂಗಸು, ನಿಟ್ಟುಸಿರು ಬಿಟ್ಟು. “ಹಾಗಾದ್ರೆ ಎಲ್ಲ ಫೋನಲ್ಲೂ ಒಬ್ಬರೇ ಅತ್ತೇನಾ?”

“ಎರಡು ಥರ ಇದ್ದಾರಮ್ಮ. ಒಬ್ರು ಯಾವ ಮನೆಗೆ ಕಳ್ಸಿದ್ರೂ ಹೊಂದ್ಕೊಂಡು ಹೋಗ್ತಾರೆ, ದೊಡ್ಡದಿರ್ಲಿ ಚಿಕ್ಕದಿರ್ಲಿ. ಇನ್ನೊಬ್ರು ತಾವೇ ಕಟ್ಟಿಸಿದ ಮನೆ ಬಿಟ್ಟು ಬೇರೆಲ್ಲೂ ಕಾಲಿಡಲ್ಲ.”

“ಮತ್ತೆ ಅಪ್‌ಡೇಟು ಅಂದ್ರೆ?” ಹೆಡ್‌ಮೇಷ್ಟ್ರು ಕೇಳಿದರು.

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ,” ಅಂದರು ಮಾಮ.

ಹೆಡ್‌ಮೇಷ್ಟ್ರು ಚಪ್ಪಾಳೆ ತಟ್ಟಿದರು, ಹೆಂಗಸರೂ ತಟ್ಟಿದರು. ಮಾಮ ಇಂಥ ಸಭೆಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ದೂರು ವಿಭಾಗದಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಟೈಲರಮ್ಮ ಮಾತ್ರ ಚಪ್ಪಾಳೆ ತಟ್ಟದೆ ಕಣ್ಣರಳಿಸಿ ಗಂಟಲು ಸರಿಮಾಡಿಕೊಂಡಳು, ಕತ್ತರಿಯಿಂದ ಮೂಲೆಯ ಪರದೆಯತ್ತ ತೋರಿಸಿದಳು.

“ಮಾಮ, ಒಳಗೆ ಒಬ್ರು ಬಟ್ಟೆ ಹಾಕ್ಕೊಂಡು ನೋಡ್ತಿದ್ದಾರೆ...”

“ಗೊತ್ತಾಯ್ತು ಬಿಡಿ, ಅವರಿಗೂ ಕೇಳೋ ಹಾಗೆ ಹೇಳ್ತೀನಿ,” ಎಂದು ಮಾಮ ದನಿ ಏರಿಸಿದರು. ಜನ ಹೊಗಳಿ ಹೊನ್ನಶೂಲಕ್ಕೆ ಏರಿಸುವಾಗ, ಏರುವವನಿಗೆ ಮೆಟ್ಟಿಲು ಮಾತ್ರ ಕಾಣುತ್ತದೆ.

“ಕೊನೇ ಪ್ರಶ್ನೆ ಮಾಮ,” ಅಂದರು ಹೆಡ್‌ಮೇಷ್ಟ್ರು. “ಈ ಅತ್ತೆ ಅಷ್ಟು ಕಾಟ ಅಂದ್ಮೇಲೆ, ಅವರು ಇಲ್ದೇನೇ ಫೋನ್ ನಡೆಸ್ಬೋದಲ್ವಾ?”

ಮಾಮ ಸ್ಟೂಲಿನ ಮೇಲಿದ್ದ ಕಪ್ಪು ಫೋನನ್ನು ನೋಡಿದರು. ನಿಜ ಹೇಳಬೇಕೆಂದರೆ ಅವರ ಮನಸ್ಸು ಹೂಂ ಎನ್ನುತ್ತಿತ್ತು. ಆದರೆ ಪಾಠ ಒಂದು ದಾರಿ ಹಿಡಿದು ಇಷ್ಟು ದೂರ ಬಂದಿತ್ತು, ಈಗ ಹಿಂದೆ ತಿರುಗುವಂತಿರಲಿಲ್ಲ.

“ಎಲ್ಲಾದ್ರೂ ಉಂಟಾ ಮೇಷ್ಟ್ರೆ? ನೋಡಿ ಇಲ್ಲಿ. ಕ್ಯಾಮೆರಾ ಇದೆ, ಸ್ಪೀಕರ್ ಇದೆ, ಆಪ್‌ಗಳೆಲ್ಲ ಒಳಗೇ ಇವೆ. ಏನುಪಯೋಗ? ಅತ್ತೆ ಎದ್ದಿಲ್ಲ, ಮನೆ ಸತ್ತುಹೋಗಿದೆ. ಅತ್ತೆ ಇದ್ದಾಗ ನಮಗೆ ಗೊತ್ತಾಗಲ್ಲ. ಬರೀ ಕಾಟ ಅನ್ಸತ್ತೆ. ಹಾಲು ಉಕ್ಕದೆ ಇರೋದು, ಅಂಗಿ ಗುಂಡಿ ಉದುರದೆ ಇರೋದು, ನಾವು ಬರೋ ಹೊತ್ತಿಗೆ ಬಾಗಿಲು ತೆರೆಯೋದು, ಇದೆಲ್ಲ ತಾನಾಗೇ ಆಗತ್ತೆ ಅಂದ್ಕೊಂಡಿರ್ತೀವಿ. ತಾನಾಗೇ ಏನೂ ಆಗಲ್ಲ. ಅತ್ತೆ ಇಲ್ಲದ ಮನೆ ಬರೀ ಗಾಜು, ತಗಡು.”

ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಹಾಲು ಉಕ್ಕದ, ಗುಂಡಿ ಉದುರದ ಮಾತು ನಿಜಕ್ಕೂ ತಮ್ಮ ಮನೆಯದೇ ಎಂದು ಮಾಮನಿಗೆ ಹೇಳುತ್ತ ಹೇಳುತ್ತಲೇ ಹೊಳೆದಿತ್ತು. ಆದರೆ ಅದರ ಹಿಂದೆಯೇ ಸೋಫಾವೂ ಹೊಳೆದು, ಆ ಭಾವನೆಯನ್ನು ಅವರು ಬದಿಗೆ ಸರಿಸಿದರು.

ಆ ಹೊತ್ತಿಗೆ ಸರಿಯಾಗಿ ಸ್ಟೂಲಿನ ಮೇಲೆ ಬೆಳಕಾಯಿತು. ಕಂಪನಿಯ ಗುರುತು ಮೂಡಿತು. ಎಲ್ಲರೂ ಉಸಿರು ಬಿಗಿಹಿಡಿದರು. ಈ ಸಲ ಅದು ಮಾಯವಾಗಲಿಲ್ಲ. ಟುಣ್ ಟುಣ್ ಎಂಬ ನಾದದೊಂದಿಗೆ ಅತ್ತೆಯವರ ಚಿಕ್ಕ ಮಗಳ ನಗುಮುಖದ ಫೋಟೋ ಪರದೆ ತುಂಬಿತು. ‘ಅಪ್‌ಡೇಟ್ ಯಶಸ್ವಿಯಾಗಿದೆ.’

“ಏನ್ ಮಾಡಿದ್ರಿ ಮಾಮ?”

“ಅದೊಂದು ಕ್ರಮ ಇದೆ,” ಎಂದು ಮಾಮ ಗಂಭೀರವಾಗಿ ಚಾರ್ಜರು ಸುತ್ತಿಕೊಂಡರು. ಟಿಕೆಟ್ಟು ತೆರೆದು ನೋಡಿದರು. ಕಪ್ಪು ಚೌಕ ಚಂದವಾಗಿ ಹೊಳೆಯಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆ ಸೇರಿದರು.

ಮನೆಯಲ್ಲಿ ಅತ್ತೆ ಇರಲಿಲ್ಲ. ಕೆಲಸ ಮುಗಿಸಿ ಬಂದ ಹೆಂಡತಿ ಕೈಕಾಲು ತೊಳೆಯುತ್ತಿದ್ದಳು. ಮಾಮ ಫೋನನ್ನು ಬೆಳಿಗ್ಗೆ ಇದ್ದ ಜಾಗದಲ್ಲೇ, ಬೆಳಿಗ್ಗೆ ಇದ್ದ ಕೋನದಲ್ಲೇ ಇಟ್ಟರು. ಅತ್ತೆಯ ಚೀಲವನ್ನು ಬಾಗಿಲ ಬಳಿ ತಂದಿಟ್ಟರು. ಟ್ಯಾಕ್ಸಿಗೂ ಹೇಳಿದರು. ಅಳಿಯನೊಬ್ಬ ಇದಕ್ಕಿಂತ ಚುರುಕಾಗಿ ಓಡಾಡಿದ್ದನ್ನು ಆ ಮನೆ ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಕೋಟು ತೊಟ್ಟಿರಲಿಲ್ಲ, ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದರು. ಕಣ್ಣು ಕೆಂಪಾಗಿತ್ತು. ಹಿಂದೆ ಬೀಳ್ಕೊಡಲೆಂದು ಹೆಡ್‌ಮೇಷ್ಟ್ರು, ಅವರ ಹಿಂದೆ ಟೈಲರಮ್ಮ. ಟೈಲರಮ್ಮ ಮಾಮನ ಮುಖ ನೋಡದೆ ಗೋಡೆ ನೋಡುತ್ತಿದ್ದಳು.

“ಬನ್ನಿ ಅತ್ತೆ. ಫೋನ್ ಫುಲ್ ಚಾರ್ಜು. ಟ್ಯಾಕ್ಸಿ ಬರ್ತಿದೆ.”

ಅತ್ತೆ ಸೋಫಾದ ಮೇಲೆ ಕೂತರು. ಫೋನು ಕೈಗೆತ್ತಿಕೊಂಡು ಚಿಕ್ಕ ಮಗಳಿಗೆ ಕರೆ ಮಾಡಿದರು.

“ನಾನು ಬರಲ್ಲ ಕಣೇ,” ಅಂದರು.

ಮಾಮನ ಕೈಯಲ್ಲಿದ್ದ ಚೀಲ ನೆಲಕ್ಕಿಳಿಯಿತು.

“ಇಲ್ಲ ಕಣೇ, ಹುಷಾರಾಗೇ ಇದ್ದೀನಿ. ಇಷ್ಟು ದಿನ ಅಳಿಯಂದ್ರಿಗೆ ಭಾರ ಆದ್ನೇನೋ ಅಂತ ಒಳಗೊಳಗೇ ಕೊರೀತಿತ್ತು. ಅದಕ್ಕೇ ನಿನ್ನ ಹತ್ರ ಟಿಕೆಟ್ ತೆಗೆಸಿದ್ದು. ಇವತ್ತು ಕೋಟು ಹಾಕ್ಕೊಂಡು ಪರದೆ ಹಿಂದೆ ನಿಂತಿದ್ದೆ. ಅವರು ನಾಲ್ಕು ಜನರ ಮುಂದೆ ನನ್ನ ಬಗ್ಗೆ ಆಡಿದ ಮಾತು ಕೇಳಿ...” ಅತ್ತೆ ಮೂಗೊರೆಸಿಕೊಂಡು ಫೋನಿಟ್ಟರು.

“ಅತ್ತೆ, ಅದು ಫೋನಿನ ವಿಷಯ...” ಅಂದರು ಮಾಮ.

“ಎಲ್ಲ ಗೊತ್ತು ಅಳಿಯಂದ್ರೆ. ಆ ಸ್ಟೂಲಿನ ಮೇಲಿದ್ದದ್ದು ನನ್ನ ಫೋನೇ. ಕೆಟ್ಟಿದೆ ಅಂತ ತಿಳಿದ್ರೆ ನಾನು ಗಾಬರಿ ಆಗ್ತೀನಿ ಅಂತ ತಾನೇ ನೀವು ಊಟಾನೂ ಬಿಟ್ಟು ಬೀದಿ ಬೀದಿ ಅಲೆದದ್ದು? ಹೆತ್ತ ಮಗ ಇದ್ದಿದ್ರೂ ಮಾಡ್ತಿರ್ಲಿಲ್ಲ.”

ಹೆಂಡತಿ ಗಂಡನನ್ನು ನಿಧಾನವಾಗಿ ನೋಡಿದಳು. “ಫೋನ್ ಕೆಟ್ಟಿತ್ತಾ?” ಎಂದು ಮೆಲ್ಲಗೆ ಕೇಳಿದಳು. “ಮುಟ್ಬೇಡಿ ಅಂದಿದ್ದೆ ತಾನೇ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಮನಿಗೆ ಹೋದದ್ದು ಮಾತಲ್ಲ, ಮಂಚ ಎಂದು ಕಂಡಿತು.

“ಈಗ ಈ ಟಿಕೆಟ್ ರದ್ದು ಮಾಡೋದು ಹೇಗೆ ಅಳಿಯಂದ್ರೆ?”

“ಅದು... ಈಗ ಆಗಲ್ಲ ಅತ್ತೆ.”

“ಮಾಮನ ಕೈಲಿ ಆಗದ್ದು ಏನಿದೆ?” ಬಾಗಿಲಿನಿಂದ ಹೆಡ್‌ಮೇಷ್ಟ್ರು ಗುಡುಗಿದರು. “ಸತ್ತ ಫೋನ್ ಎಬ್ಬಿಸಿದ್ದನ್ನ ಕಣ್ಣಾರೆ ನೋಡಿದ್ದೀನಿ.”

ಮಾಮ ಫೋನು ತೆಗೆದುಕೊಂಡರು. ಅಪ್‌ಡೇಟ್ ಆದ ಫೋನು ಹಿಂದೆಂದೂ ಇಲ್ಲದ ಚುರುಕಿನಿಂದ ಆ ಪುಟಕ್ಕೆ ಹೋಗಿ ನಿಂತಿತು. ‘ಖಚಿತವಾಗಿಯೂ ರದ್ದು ಮಾಡಬೇಕೆ?’ ಆ ದಿನ ಬೆಳಗಿನಿಂದ ಮಾಮನ ಅಭಿಪ್ರಾಯ ಕೇಳಿದ್ದು ಅದೊಂದೇ.

“ನಂತರ ಮಾಡೋಣ ಅತ್ತೆ,” ಅಂದರು ಕ್ಷೀಣ ದನಿಯಲ್ಲಿ. “ಸ್ವಲ್ಪ ಯೋಚ್ನೆ ಮಾಡಿ...”

“ನಂತರ ನಂತರ ಅಂತ ತಳ್ಳಬಾರ್ದು, ಕೇಳಿದ ತಕ್ಷಣ ‘ಈಗಲೇ’ ಅಂತ ಒತ್ಬೇಕು,” ಅಂದರು ಅತ್ತೆ. “ಬೆಳಿಗ್ಗೆ ನೀವೇ ಅಲ್ವಾ ಕಲಿಸಿದ್ದು?”

ಮಾಮ ಒತ್ತಿದರು. ಒತ್ತಿದ ಮೇಲೆ, ಹೆಡ್‌ಮೇಷ್ಟ್ರೂ ಟೈಲರಮ್ಮನೂ ಕೆಳಗಿಳಿದು ಹೋದ ಮೇಲೆ, ಬಂದ ಟ್ಯಾಕ್ಸಿಯವನನ್ನು ಹೆಂಡತಿ ಸಮಾಧಾನ ಮಾಡಿ ಕಳಿಸಿದ ಮೇಲೆ, ಅವರು ಸೋಫಾದಲ್ಲಿ ಕುಸಿದು ಕೂತು ಟಿವಿ ಹಾಕಿದರು. ಏನು ಬರುತ್ತಿದೆ ಎಂದು ನೋಡುತ್ತಿರಲಿಲ್ಲ. ಹಿಂದಿನಿಂದ ಬಂದ ಕೈಯೊಂದು ರಿಮೋಟು ತೆಗೆದುಕೊಂಡು ಟಿವಿ ಆರಿಸಿತು.

“ನೋಡ್ದೆ ಇದ್ದಾಗ ಆಫ್,” ಅಂದರು ಅತ್ತೆ, ಹೊಸ ಉತ್ಸಾಹದಿಂದ. “ಬ್ಯಾಟರಿ ಉಳೀಬೇಕಲ್ವಾ.”

ಅವರ ಇನ್ನೊಂದು ಕೈಯಲ್ಲಿ ಮಾಮನ ದಿಂಬಿತ್ತು.

“ಇದು ಹೆಂಗೋ ತಪ್ಪಿ ಒಳಗೆ ಮಂಚದ ಮೇಲೆ ಬಂದಿತ್ತು ಅಳಿಯಂದ್ರೆ,” ಎಂದು ಅದನ್ನು ಎರಡು ಸಲ ತಟ್ಟಿ ಉಬ್ಬಿಸಿ, ಪ್ರೀತಿಯಿಂದ ಸೋಫಾದ ಅಂಚಿಗೆ ಇಟ್ಟರು. “ಯಾರಿಗೆ ಎಷ್ಟು ಜಾಗ ಅಂತ ಹಂಚೋದು ನನ್ನ ಕೆಲಸ ಅಂತ ನೀವೇ ಹೇಳಿದ್ರಲ್ಲ.”